ಆರು ಕುದುರೆ, ಹತ್ತು ಕುದುರೆ, ನೂರು ರೂಪಾಯಿ ಸಾಲ

ಒಬ್ಬನ ಬಳಿ 6 ಕುದುರೆ, ಜೊತೆಗೆ 300 ರೂಪಾಯಿ ನಗದು. ಇನ್ನೊಬ್ಬನ ಬಳಿ ಅದೇ ಬೆಲೆಯ 10 ಕುದುರೆ, ಆದರೆ ತಲೆಯ ಮೇಲೆ 100 ರೂಪಾಯಿ ಸಾಲ. ಇಬ್ಬರ ಆಸ್ತಿಯೂ ಸಮ. ಹಾಗಾದರೆ ಒಂದು ಕುದುರೆಗೆ ಬೆಲೆಯೆಷ್ಟು?

12ನೇ ಶತಮಾನದಲ್ಲಿ ಎರಡನೇ ಭಾಸ್ಕರ ತನ್ನ ‘ಬೀಜಗಣಿತ’ದಲ್ಲಿ ಕೇಳಿದ ಪ್ರಶ್ನೆಯಿದು. ಮೂಲದಲ್ಲಿರುವುದು ‘ರೂಪ’, ನಾವು ರೂಪಾಯಿ ಎಂದೇ ಇಟ್ಟುಕೊಳ್ಳೋಣ. ಇವತ್ತಿನ ಶಾಲೆಯಲ್ಲಿ ಇಂಥ ಸಮೀಕರಣ ಬಿಡಿಸಲು ಮಕ್ಕಳಿಗೆ ಸಿಗುವುದು ಪಕ್ಷಾಂತರದ ಮಂತ್ರ: ಆ ಕಡೆ ಹೋದರೆ ಪ್ಲಸ್ ಮೈನಸ್ ಆಗುತ್ತದೆ, ಮೈನಸ್ ಪ್ಲಸ್ ಆಗುತ್ತದೆ. ಯಾಕೆ ಎಂದು ಕೇಳುವ ಹುಡುಗಿಗೆ ಕೆಲವು ಮೇಷ್ಟ್ರು ತಕ್ಕಡಿ ತೋರಿಸುತ್ತಾರೆ. ಒಳ್ಳೆಯದೇ. ಆದರೆ 100 ರೂಪಾಯಿ ಸಾಲವನ್ನು ತಕ್ಕಡಿಯ ತಟ್ಟೆಗೆ ಹಾಕುವುದು ಹೇಗೆ? ನನ್ನ ಮಟ್ಟಿಗೆ ಭಾಸ್ಕರನ ಇಬ್ಬರು ಕುದುರೆ ಮಾಲೀಕರೇ ಮೇಲು.

ಇಬ್ಬರಿಗೂ ತಲಾ 100 ರೂಪಾಯಿ ಕೊಡಿ. ಮೊದಲೇ ಸಮವಾಗಿದ್ದವರು, ಈಗಲೂ ಸಮ. ಎರಡನೆಯವನ ಸಾಲ ತೀರಿತು, ಅವನಲ್ಲಿ ಉಳಿದದ್ದು ಬರೀ 10 ಕುದುರೆ. ಮೊದಲನೆಯವನಲ್ಲಿ 6 ಕುದುರೆ, 400 ರೂಪಾಯಿ. ಮಂತ್ರದ ಒಳಗುಟ್ಟು ಇಷ್ಟೇ: ಆ ಕಡೆಯ ಮೈನಸ್ 100 ಎಲ್ಲಿಗೂ ಹಾರಲಿಲ್ಲ, ಚಿಹ್ನೆಯನ್ನೂ ಬದಲಿಸಿಕೊಳ್ಳಲಿಲ್ಲ. ಎರಡೂ ಕಡೆ 100 ಕೂಡಿಸಿದೆವು. ಅಲ್ಲಿ ಸಾಲ ಅಳಿಯಿತು, ಇಲ್ಲಿ ನಗದು ಬೆಳೆಯಿತು. ಈಗ ಇಬ್ಬರಿಂದಲೂ ಆರಾರು ಕುದುರೆ ಹೊಡೆದುಕೊಂಡು ಹೋಗಿ. ಒಬ್ಬನಲ್ಲಿ 400 ರೂಪಾಯಿ, ಇನ್ನೊಬ್ಬನಲ್ಲಿ 4 ಕುದುರೆ. ಕುದುರೆಗೆ 100.

ಭಾಸ್ಕರ ಇದನ್ನು ಬರೆಯುತ್ತಿದ್ದ ರೀತಿಯೂ ಚೊಕ್ಕ. ‘ಯಾವತ್ತಾವತ್’ ಎಂಬ ಅಜ್ಞಾತಕ್ಕೆ ‘ಯಾ’, ಗೊತ್ತಿರುವ ಸಂಖ್ಯೆಗೆ ‘ರೂ’, ಎರಡು ಪಕ್ಷಗಳು ಒಂದರ ಕೆಳಗೊಂದು:

ಯಾ 6 ರೂ 300
ಯಾ 10 ರೂ 100

ಕೆಳಗಿನ 100 ಸಾಲವಾದ್ದರಿಂದ ಅದರ ನೆತ್ತಿಯ ಮೇಲೆ ಒಂದು ಚುಕ್ಕಿ. ಹೀಗೆ ಬರೆದರೆ ಕುದುರೆಯ ಕೆಳಗೆ ಕುದುರೆ, ಹಣದ ಕೆಳಗೆ ಹಣ ಬರುತ್ತದೆ. ಯಾವುದರಿಂದ ಯಾವುದನ್ನು ಕಳೆಯಬೇಕೆಂದು ಕಣ್ಣಿಗೇ ಕಾಣುತ್ತದೆ. ಹಣದ ವ್ಯತ್ಯಾಸವನ್ನು ವಸ್ತುಗಳ ವ್ಯತ್ಯಾಸದಿಂದ ಭಾಗಿಸು ಎಂಬ ಈ ಸೂತ್ರವನ್ನು ಆರ್ಯಭಟ 499ರಲ್ಲೇ ಒಂದು ಶ್ಲೋಕದಲ್ಲಿ ಹೇಳಿ ಮುಗಿಸಿದ್ದ.

ಭಾಸ್ಕರ ಅದೇ ಕುದುರೆಗಳನ್ನು ಇನ್ನೆರಡು ಸಲ ಓಡಿಸುತ್ತಾನೆ. ಮೊದಲನೆಯವನ ಆಸ್ತಿಯ ಅರ್ಧಕ್ಕೆ 2 ಸೇರಿಸಿದರೆ ಎರಡನೆಯವನ ಆಸ್ತಿಯಾಗುವುದಾದರೆ? ಬೆಲೆ 36. ಮೊದಲನೆಯವನು ಎರಡನೆಯವನ ಮೂರು ಪಟ್ಟು ಸಿರಿವಂತನಾದರೆ? 25. ಪೆನ್ಸಿಲ್ ಹಿಡಿದು ನೋಡಿ, ಮೂರನೆಯದರಲ್ಲಿ ಸಾಲವೂ ಮೂರು ಪಟ್ಟಾಗುತ್ತದೆ ಎಂಬುದನ್ನು ಮರೆಯುವವರೇ ಜಾಸ್ತಿ.

ಲೆಕ್ಕವನ್ನು ನಾವೇ ಸ್ವಲ್ಪ ಕೆಡಿಸಿದರೆ ಇನ್ನೂ ಸ್ವಾರಸ್ಯ. ಎರಡನೆಯವನಲ್ಲೂ 6 ಕುದುರೆಗಳೇ ಇದ್ದು 100 ರೂಪಾಯಿ ಸಾಲ ಹಾಗೇ ಇದ್ದರೆ, ಕುದುರೆಗೆ ಯಾವ ಬೆಲೆ ಕಟ್ಟಿದರೂ ಇಬ್ಬರೂ ಸಮವಾಗುವುದಿಲ್ಲ: ಉತ್ತರವೇ ಇಲ್ಲ. ಅವನ ಬಳಿಯೂ 6 ಕುದುರೆ, 300 ರೂಪಾಯಿ ಇದ್ದರೆ ಯಾವ ಬೆಲೆಯೂ ಆದೀತು. ಎರಡರಲ್ಲೂ ಕುದುರೆಗಳ ವ್ಯತ್ಯಾಸ ಸೊನ್ನೆ, ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ.

ಸಾಲದ ಬದಲು ಎರಡನೆಯವನ ಕೈಯಲ್ಲಿ 10 ಕುದುರೆಯ ಜೊತೆ 400 ರೂಪಾಯಿ ಇಟ್ಟರೋ? ಕುದುರೆಯೂ ಅವನಲ್ಲೇ ಹೆಚ್ಚು, ಹಣವೂ ಹೆಚ್ಚು. ಆದರೂ ಸಮೀಕರಣ ಹಟ ಹಿಡಿದು ಉತ್ತರ ಕೊಡುತ್ತದೆ: ಮೈನಸ್ 25. ತಾಳೆ ನೋಡಿ, 300ರಲ್ಲಿ 150 ಕಳೆದರೂ 150, 400ರಲ್ಲಿ 250 ಕಳೆದರೂ 150. ಲೆಕ್ಕದಲ್ಲಿ ಲೋಪವಿಲ್ಲ. ಇಂಥ ಉತ್ತರಗಳ ಬಗ್ಗೆ ಭಾಸ್ಕರನಿಗೆ ಅನುಮಾನವಿತ್ತು. ಅದೇ ಗ್ರಂಥದ ಕಪಿಗಳ ಲೆಕ್ಕವೊಂದರಲ್ಲಿ 50 ಮತ್ತು 5 ಎಂಬ ಎರಡು ಉತ್ತರ ಬಂದಾಗ 5ನ್ನು ಅವನು ಬಿಟ್ಟುಬಿಟ್ಟ; ಅದನ್ನು ಒಪ್ಪಿದರೆ ನಡುವೆ ಮೈನಸ್ 2 ಕಪಿಗಳು ಬರುತ್ತಿದ್ದವು, ಅಂಥದ್ದನ್ನು ಲೋಕ ನಂಬುವುದಿಲ್ಲ ಎಂಬುದು ಅವನ ಕಾರಣ. ಆದರೆ ಕುದುರೆಯ ಮೈನಸ್ 25ಕ್ಕೆ ಒಂದು ಅರ್ಥ ಹಚ್ಚಬಹುದು: ಮುದಿಯಾಗಿ ಮೇವಿಗೂ ಭಾರವಾದ ಕುದುರೆಯನ್ನು ಸಾಗಹಾಕಲು ಮಾಲೀಕನೇ ಕೈಯಿಂದ 25 ರೂಪಾಯಿ ಕೊಡಬೇಕು.