ಕಯಾಕ್ ರೋಲ್: ಮೊಣಕಾಲಿನ ಕೆಲಸ, ತಲೆಯ ತಂಟೆ

ಮಗುಚಿದ ಕಯಾಕ್ (ಕಿರಿದಾದ ಪುಟ್ಟ ದೋಣಿ) ಬಿಟ್ಟು ಹೊರಬರದೆ, ಕೂತಲ್ಲಿಂದಲೇ ಅದನ್ನು ತಿರುಗಿಸಿ ನೆಟ್ಟಗೆ ಏಳುವುದೇ ರೋಲ್. ಕಾರವಾರದ ಬಳಿ, ಸದಾಶಿವಗಡದ ಕಡೆ ಕಾಳಿ ನದಿಯಲ್ಲಿ ಅದನ್ನು ಕಲಿಯಲು ಹೊರಟವರಿಗೆ ಈ ಟಿಪ್ಪಣಿ. ಮೇಲೆ ಕೂತು ಹೋಗುವ ತೆರೆದ ಕಯಾಕ್ ಇದಕ್ಕೆ ಆಗದು. ಒಳಗೆ ಕಾಲು ಚಾಚಿ ಕೂರುವಂಥದ್ದೇ ಬೇಕು. ತೊಡೆ, ಪಾದ, ಸೊಂಟ ಮೂರೂ ದೋಣಿಗೆ ಬಿಗಿಯಾಗಿ ತಾಗಿರಬೇಕು. ಸಡಿಲವಿದ್ದರೆ ನೀವು ತಿರುಗುತ್ತೀರಿ, ದೋಣಿ ತಿರುಗುವುದಿಲ್ಲ. ಸ್ಪ್ರೇ ಸ್ಕರ್ಟ್ (ದೋಣಿಯೊಳಗೆ ನೀರು ಬಾರದಂತೆ ಸೊಂಟದ ಸುತ್ತ ಬಿಗಿಯುವ ಹೊದಿಕೆ) ಎಳೆದು ನೀರೊಳಗಿಂದ ಹೊರಬರುವುದನ್ನು ಮೊದಲೇ ಕಲಿತಿರಿ, ಅದರಲ್ಲಿ ರಾಜಿ ಇಲ್ಲ.

ಬಲಗಡೆಯಿಂದ ಏಳುತ್ತೀರಿ ಅಂತಿಟ್ಟುಕೊಳ್ಳಿ. ಮಗುಚಿದ ಕೂಡಲೇ ಮುಂದಕ್ಕೆ ಬಾಗಿ, ಮುಖ ದೋಣಿಗೆ ಹತ್ತಿರ ತನ್ನಿ. ಮುಖಕ್ಕೂ ಭುಜಕ್ಕೂ ಅದೇ ರಕ್ಷಣೆ. ಪ್ಯಾಡಲ್ (ಎರಡೂ ತುದಿಗೆ ಅಲಗಿರುವ ಹುಟ್ಟು) ದೋಣಿಯ ಉದ್ದಕ್ಕೆ, ನೀರಿನ ಮೇಲ್ಮೈಯಲ್ಲಿ ಇರಲಿ. ಅಲ್ಲಿಂದ ಬಲಗಡೆಯ ಅಲಗನ್ನು ಹೊರಕ್ಕೆ ಬೀಸುತ್ತಾ ದೋಣಿಗೆ 90 ಡಿಗ್ರಿವರೆಗೆ ತನ್ನಿ. ಅಲಗಿನ ಮುಂದಿನ ಅಂಚು ಸ್ವಲ್ಪ ಮೇಲಕ್ಕಿರಲಿ, ಆಗ ಅದು ಮುಳುಗುವುದಿಲ್ಲ. ಬೀಸುವುದು ಬರೀ ಕೈಯಿಂದಲ್ಲ, ಎದೆಯೂ ಜೊತೆಗೆ ತಿರುಗಬೇಕು.

ಇಲ್ಲಿ ಎಲ್ಲರಿಗೂ ಪ್ಯಾಡಲ್ ಒತ್ತಿ ಎದ್ದುಬಿಡುವ ಆಸೆ. ಪ್ಯಾಡಲ್ ಕೊಡುವುದು ಗಳಿಗೆಯ ಆಸರೆ ಮಾತ್ರ. ದೋಣಿಯನ್ನು ತಿರುಗಿಸುವುದು ಬಲ ಮೊಣಕಾಲು. ಅದನ್ನು ಬಲ ಕಂಕುಳಿನತ್ತ ಎಳೆದುಕೊಳ್ಳಿ, ಬಲ ಪಕ್ಕೆ ಮಡಚಿಕೊಳ್ಳುತ್ತದೆ, ದೋಣಿ ನಿಮ್ಮ ಕೆಳಗೆ ಬಂದು ನೆಟ್ಟಗಾಗುತ್ತದೆ. ಮೈ ಆಗಲೂ ನೀರಿನಲ್ಲೇ ಇರುತ್ತದೆ.

ಇನ್ನು ತಲೆ. ಸುಮಾರು 5 ಕಿಲೋ ತೂಕ. ನೀರಿನಲ್ಲಿದ್ದಾಗ ನೀರೇ ಅದನ್ನು ಹೊರುತ್ತದೆ, ಹೊರಗೆ ಬಂದರೆ ಪೂರ್ತಿ ಭಾರ ನಿಮ್ಮ ಮೇಲೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ. ಉಸಿರಿಗಾಗಿ ತಲೆ ಎತ್ತಿದರೆ ಎಡ ಪಕ್ಕೆ ಬಿಗಿಯುತ್ತದೆ, ಎಡ ಮೊಣಕಾಲು ಮೇಲೆಳೆಯುತ್ತದೆ, ಮೇಲೇಳುತ್ತಿದ್ದ ದೋಣಿ ವಾಪಸ್ ಮಗುಚುತ್ತದೆ. ಆದ್ದರಿಂದ ಕಿವಿಯನ್ನು ಬಲ ಭುಜಕ್ಕೆ ಒರಗಿಸಿ. ಮೊದಲು ದೋಣಿ, ಆಮೇಲೆ ಮೈ, ಕೊನೆಗೆ ತಲೆ. ಹೇಳೋದು ಸುಲಭ, ಉಸಿರಿಗೆ ಪರದಾಡುವ ಮೆದುಳು ಒಪ್ಪಬೇಕಲ್ಲ! ಕಣ್ಣು ಅಲಗನ್ನೇ ನೋಡುತ್ತಿದ್ದರೆ ತಲೆ ತಾನಾಗಿ ತಗ್ಗಿರುತ್ತದೆ.

ಅಭ್ಯಾಸಕ್ಕೆ ಪ್ಯಾಡಲ್ಲೇ ಬೇಡ. ಎದೆಮಟ್ಟದ ನೀರಿನಲ್ಲಿ ಗೆಳೆಯರೊಬ್ಬರ ಕೈ ಹಿಡಿದು, ಕೆನ್ನೆಯನ್ನು ಆ ಕೈ ಮೇಲಿಟ್ಟು, ಮೊಣಕಾಲಿನಿಂದಲೇ ದೋಣಿಯನ್ನು ಮಗುಚಿ, ಎಬ್ಬಿಸಿ. ಅವರ ಕೈಗೆ ಭಾರ ಬಿದ್ದರೆ ನೀವು ತೋಳಿಂದ ಏಳುತ್ತಿದ್ದೀರಿ ಎಂದೇ ಲೆಕ್ಕ. ಮೂಗಿಗೆ ಕ್ಲಿಪ್ ಹಾಕಿಕೊಳ್ಳಿ, ಗಾಬರಿ ಅರ್ಧ ಇಳಿಯುತ್ತದೆ. ಸಮುದ್ರದ ಇಳಿತದ ಹೊತ್ತು ಬೇಡ, ಸೆಳೆತ ಅಳಿವೆಯ (ನದಿ ಸಮುದ್ರ ಸೇರುವ ಜಾಗದ) ಕಡೆಗಿರುತ್ತದೆ. ನದಿಯ ಮೇಲ್ಗಡೆಯ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರಾ ಅಂತಲೂ ವಿಚಾರಿಸಿ.

ಭುಜದ ಬಗ್ಗೆ ಮಾತ್ರ ಹುಷಾರು. ಮೊಣಕೈ ಮಡಚಿ, ಮೈಗೆ ಹತ್ತಿರ, ಕೈ ಯಾವಾಗಲೂ ಎದೆಯ ಮುಂದೆ ಇರಲಿ. ತೋಳು ಚಾಚಿ ತಲೆಯ ಹಿಂದಕ್ಕೆ ಹೋದಾಗ ನೀರು ಎಳೆದರೆ ಭುಜದ ಕೀಲು ತಪ್ಪಬಹುದು.