ಇಷ್ಟು ಚೆನ್ನಾಗಿ ಚಿತ್ರ ಬರೆಯುತ್ತಿದ್ದವರು ಆಮೇಲೆ ಯಾಕೆ ಹಾಗೆ ಬರೆದರು?

ಪ್ರಶ್ನೆ: ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ ಸಿಂಹಾವಲೋಕನ ಪ್ರದರ್ಶನ ನೋಡಿ ಬಂದೆ. ಮೊದಲ ಕೋಣೆಯಲ್ಲಿ ಮನುಷ್ಯರು ಮನುಷ್ಯರ ಹಾಗೇ ಇದ್ದರು. ಕೊನೆಗೆ ಹೋಗುವಷ್ಟರಲ್ಲಿ ಜಾಸ್ತಿ ಬಣ್ಣ, ಬೆಳಕು ಅಷ್ಟೇ. ಅಷ್ಟು ಚೆನ್ನಾಗಿ ಬರೆಯಲು ಬರುತ್ತಿದ್ದವರು ಅದನ್ನು ಯಾಕೆ ಬಿಟ್ಟರು?
(ಓದುಗರೊಬ್ಬರು, ಕೊಪ್ಪಳ)

ಉತ್ತರ: ನೀವು ಕೊಪ್ಪಳದವರಾಗಿದ್ದು ಒಳ್ಳೆಯದೇ ಆಯಿತು. ನಿಮ್ಮೂರಿನ ಹತ್ತಿರವೇ ಕಿನ್ನಾಳ ಇದೆಯಲ್ಲ, ಅಲ್ಲಿಂದಲೇ ಶುರು ಮಾಡೋಣ. ಅಲ್ಲಿನ ಚಿತ್ರಗಾರರು ಹಗುರವಾದ ಮರದಲ್ಲಿ ಗೊಂಬೆ ಕೆತ್ತುತ್ತಾರೆ. ಹುಣಸೆಬೀಜದ ಅಂಟಿನಿಂದ ತುಂಡುಗಳನ್ನು ಕೂಡಿಸಿ, ಮೇಲ್ಮೈ ನುಣುಪು ಮಾಡಿ, ಬಣ್ಣ ಹಚ್ಚುತ್ತಾರೆ. ಕೊನೆಗೆ ಗೊಂಬೆಯ ಕಣ್ಣು ಬರೆಯುವಾಗ ಕೈ ನಡುಗಬಾರದು. ಅಜ್ಜ ಬರೆದ ಕಣ್ಣು ಮೊಮ್ಮಗನ ಕೈಯಲ್ಲೂ ಹಾಗೇ ಬಂದರೆ, ಅದು ಪಳಗಿದ ಕೈ.

ಹೆಬ್ಬಾರರೂ ಇಂಥ ಮನೆಯಿಂದಲೇ ಬಂದವರು. 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದರು. ತಂದೆ ಗಣಪತಿ ಮೂರ್ತಿ ಮಾಡುತ್ತಿದ್ದರು. ಆಮೇಲೆ ಮುಂಬೈಗೆ ಹೋಗಿ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಸೇರಿದರು. ಅಲ್ಲಿನ ಪಾಠ ಬ್ರಿಟಿಷರ ಪದ್ಧತಿಯದು. ಎದುರಿಗೆ ಕೂತ ಮನುಷ್ಯನನ್ನು ನೆರಳು-ಬೆಳಕಿನ ಸಮೇತ ಇದ್ದಂತೇ ಇಳಿಸಬೇಕು. ನೀವು 'ಚೆನ್ನಾಗಿದೆ' ಎಂದದ್ದು ಆ ಪಾಠದ ಫಲ. ಒರಟಾಗಿ ಹೇಳಿದರೆ, ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬಂದ ಉತ್ತರ ಪತ್ರಿಕೆ. ಚೆನ್ನಾಗೇ ಇದೆ, ಆದರೆ ಆ ಕೈ ಇನ್ನೂ ಮೇಷ್ಟ್ರದ್ದು.

ಅದು ಅವರಿಗೂ ಸಾಲದೆ ಬಂತು. ಜೈನರ ಹಳೆಯ ಹಸ್ತಪ್ರತಿಗಳ ಚಿತ್ರಗಳನ್ನು ನೋಡಿದರು. ಅಲ್ಲಿ ನೆರಳಿನ ಗೊಡವೆಯೇ ಇಲ್ಲ, ಗಟ್ಟಿ ಗೆರೆ ಮತ್ತು ಬಣ್ಣ ಸಾಕು. 1937ರ ಸುಮಾರಿಗೆ ದಕ್ಷಿಣ ಭಾರತ ಸುತ್ತಿ ಇಲ್ಲಿನ ಹಳ್ಳಿಗರನ್ನು ಬರೆದಿದ್ದ ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಅವರ ಪ್ರಭಾವವೂ ಆಯಿತು. 1949-50ರಲ್ಲಿ ಪ್ಯಾರಿಸ್ಸಿನ ಕಲಾಶಾಲೆ ಅಕಾಡೆಮಿ ಜೂಲಿಯನ್‌ನಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕೂತರು. ಆ ಹೊತ್ತಿಗೆ ನಲವತ್ತರ ಹತ್ತಿರ ವಯಸ್ಸು ನೋಡಿ!

ನನಗೆ ತುಂಬಾ ಇಷ್ಟವಾಗುವ ಸಂಗತಿ ಬೇರೆ. ಲಯ ಅಂದರೆ ಏನೆಂದು ತಿಳಿಯಲು ಹೆಬ್ಬಾರರು ಕಥಕ್ ನೃತ್ಯ ಕಲಿತರು. ಹೆಜ್ಜೆ ಹಾಕಿದರೆ ಮೈಯ ಭಾರ ಎಲ್ಲಿ ಬೀಳುತ್ತದೆ, ತಿರುಗುವಾಗ ಯಾವ ಕಡೆ ವಾಲುತ್ತದೆ ಎಂಬುದು ಕೂತು ನೋಡಿದವರಿಗೆ ತಿಳಿಯುವುದಿಲ್ಲ. ಅವರ ರೇಖಾಚಿತ್ರಗಳನ್ನು ನೋಡಿ. ನರ್ತಕಿಗೆ ಮೂಗಿಲ್ಲ, ಬಾಯಿಲ್ಲ. ಆದರೂ ಅವಳು ಯಾವ ಕಾಲ ಮೇಲೆ ನಿಂತಿದ್ದಾಳೆ ಎಂದು ನಮಗೆ ಗೊತ್ತಾಗುತ್ತದೆ. ಮುಖ ಬರೆಯಲು ಬಾರದವರ ಗೆರೆಯಲ್ಲ ಅದು. ಮುಖ ಇಲ್ಲದೆಯೂ ಆಗುತ್ತದೆ ಎಂದು ಗೊತ್ತಾದವರ ಗೆರೆ. ಕೊನೆಯ ಕೋಣೆಯ ಬಣ್ಣ-ಬೆಳಕೂ ಈ ದಾರಿಯಲ್ಲೇ ಬಂದದ್ದು. ನಿಜ ಹೇಳಬೇಕೆಂದರೆ ಅಲ್ಲಿರುವ ಎಲ್ಲವೂ ನನ್ನನ್ನು ಹಿಡಿದು ನಿಲ್ಲಿಸುವುದಿಲ್ಲ. ಆ ಗೆರೆಗಳ ಮುಂದೆ ನಿಂತಷ್ಟು ಹೊತ್ತು ನಾನು ಅಲ್ಲಿ ನಿಲ್ಲಲಾರೆ.

ಸಿಂಹಾವಲೋಕನ ಪ್ರದರ್ಶನ ಇರುವುದೇ ಇದಕ್ಕೆ. ಸಿಂಹ ನಡೆಯುತ್ತಾ ಹಿಂದಿರುಗಿ ನೋಡುತ್ತದಂತೆ, ಹಾಗೆ ಒಬ್ಬ ಕಲಾವಿದನ ಇಡೀ ಬದುಕಿನ ಕೆಲಸವನ್ನು ಒಟ್ಟಿಗೆ ನೋಡುವುದು. ಒಂದು ಎಚ್ಚರ: ಮಾರಾಟವಾಗಿ ಯಾರ್ಯಾರದೋ ಮನೆ ಸೇರಿದ ಚಿತ್ರಗಳನ್ನು ಕೇಳಿ ತರಬೇಕು, ವಿಮೆ ಮಾಡಿಸಬೇಕು. ಕೊಡಲು ಒಪ್ಪದವರೂ ಇರುತ್ತಾರೆ. ಹಾಗಾಗಿ ನಡುವೆ ಕೆಲವು ಕೊಂಡಿಗಳು ಕಳಚಿರಬಹುದು. ದಿಢೀರ್ ಬದಲಾದಂತೆ ಕಂಡದ್ದು ನಿಧಾನವಾಗಿಯೇ ಬದಲಾಗಿದ್ದೀತು. ಚಿತ್ರದ ಹೆಸರಿಗಿಂತ ಮೊದಲು ಪಕ್ಕದ ಚೀಟಿಯಲ್ಲಿ ಇಸವಿ ನೋಡಿ.

ಮತ್ತೆ ಹೋಗುವುದಾದರೆ ಕೊನೆಯ ಕೋಣೆಯಿಂದ ಹಿಂದಕ್ಕೆ ಬನ್ನಿ. ಆ ಪ್ರದರ್ಶನ ಮುಗಿದಿದ್ದರೆ, ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯ ಸಂಗ್ರಹದಲ್ಲೂ ಹೆಬ್ಬಾರರ ಚಿತ್ರಗಳಿವೆ. ಹೊರಡುವ ಮುಂಚೆ ತೆರೆದಿದೆಯಾ ಎಂದು ಕೇಳಿಕೊಳ್ಳಿ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಅಲ್ಲಿರುತ್ತೀರಿ. ಒಂದು ರೇಖಾಚಿತ್ರದ ಮುಂದೆ, ಕಾವಲಿನವರು ಗದರದಷ್ಟು ದೂರದಲ್ಲಿ ನಿಂತು, ಆ ಗೆರೆಯನ್ನು ಗಾಳಿಯಲ್ಲಿ ಬೆರಳಿನಿಂದ ಎಳೆದು ನೋಡಿ. ಸುಮ್ನೆ ಒಂದು ಸಲ.