ಇಮಿಗ್ರೇಷನ್ ಕೌಂಟರ್‌ನಲ್ಲಿ ತಡೆದರೆ ಯಾರ ಬಾಗಿಲು ತಟ್ಟಬೇಕು?

ಬೋರ್ಡಿಂಗ್ ಪಾಸ್ ಕೈಯಲ್ಲಿದೆ, ಬ್ಯಾಗು ಆಗಲೇ ಒಳಗೆ ಹೋಗಿದೆ. ದೇವನಹಳ್ಳಿ ಏರ್‌ಪೋರ್ಟಿನ ಇಮಿಗ್ರೇಷನ್ ಕೌಂಟರ್‌ನಲ್ಲಿ ಅಧಿಕಾರಿ ಪರದೆ ನೋಡಿ, "ಸ್ವಲ್ಪ ಈ ಕಡೆ ಬನ್ನಿ ಸಾರ್" ಅನ್ನುತ್ತಾರೆ. ತಮ್ಮ ಮೇಲೆ ಲುಕ್‌ಔಟ್ ಸರ್ಕ್ಯುಲರ್ (ಎಲ್‌ಒಸಿ), ಅಂದರೆ ದೇಶ ಬಿಡದಂತೆ ತಡೆಯಿರಿ ಅನ್ನುವ ಸೂಚನೆ ಇದೆ ಅಂತ ಹೆಚ್ಚಿನವರಿಗೆ ಗೊತ್ತಾಗೋದೇ ಆಗ. ಮೊದಲೇ ಹೇಳಿದರೆ ಓಡಿಹೋಗ್ತಾರೆ ಅನ್ನೋದು ಸರ್ಕಾರದ ವಾದ.

ನನಗೆ ಫೋನ್ ಮಾಡುವ ಕಕ್ಷಿದಾರರೆಲ್ಲ ಮೊದಲು ಬೈಯುವುದು ಇಮಿಗ್ರೇಷನ್‌ನವರನ್ನು. ಆದರೆ ಅವರ ಕೈಯಲ್ಲಿ ಏನೂ ಇಲ್ಲ. ಎಲ್‌ಒಸಿ ಹಾಕಿ ಅಂತ ಕೇಳಿಕೊಂಡವರು ಬೇರೆ: ಪೊಲೀಸರು, ಸಿಬಿಐ, ಇ.ಡಿ. ಅಥವಾ ಬ್ಯಾಂಕು. ಬ್ಯೂರೋ ಆಫ್ ಇಮಿಗ್ರೇಷನ್ ಅದನ್ನು ಕಂಪ್ಯೂಟರ್‌ಗೆ ಏರಿಸಿ ಜಾರಿ ಮಾಡುತ್ತದೆ, ಅಷ್ಟೇ. ಹಾಗಾಗಿ ಅಲ್ಲಿ ಜಗಳ ಆಡಬೇಡಿ. ಒಂದೇ ಪ್ರಶ್ನೆ ಕೇಳಿ, ಹಾಕಿಸಿದ್ದು ಯಾರು? ಪ್ರತಿ ಕೊಡಿ ಅಂದರೆ ಕೊಡೋದು ಅನುಮಾನ. ಇಲಾಖೆಯ ಹೆಸರು ಸಿಕ್ಕರೂ ಸಾಕು. ಬೋರ್ಡಿಂಗ್ ಪಾಸ್, ರದ್ದು ಮಾಡಿದ ನಿರ್ಗಮನ ಸೀಲು ಇರುವ ಪಾಸ್‌ಪೋರ್ಟ್ ಪುಟ ಎರಡರ ಫೋಟೋ ಇಟ್ಟುಕೊಳ್ಳಿ. ಕೋರ್ಟಿನಲ್ಲಿ ನಮ್ಮ ಹತ್ತಿರ ಇರುವ ಸಾಕ್ಷಿ ಬಹುಪಾಲು ಅಷ್ಟೇ.

ವಿಮಾನದಲ್ಲಿ ಗಲಾಟೆ ಮಾಡಿದವರ ನೋ ಫ್ಲೈ ಪಟ್ಟಿಯೇ ಬೇರೆ. ವಿಮಾನಯಾನ ನಿಯಂತ್ರಕ ಡಿಜಿಸಿಎಯ 2017ರ ನಿಯಮದಲ್ಲಿ ಅದಕ್ಕೆ 60 ದಿನದೊಳಗೆ ಮೇಲ್ಮನವಿ ಹಾಕಬಹುದು, ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿಯ ಸಮಿತಿ ಕೇಳುತ್ತದೆ. ಎಲ್‌ಒಸಿಗೆ ಅಂಥ ಮೇಲ್ಮನವಿ ಸಮಿತಿ ಇಲ್ಲ. ಇಡೀ ವ್ಯವಸ್ಥೆ ಬೆಳೆದು ಬಂದದ್ದೇ ಗೃಹ ಸಚಿವಾಲಯದ ಸುತ್ತೋಲೆಗಳ ಮೇಲೆ. ನನ್ನ ಕೇಳಿದರೆ ದೊಡ್ಡ ದೋಷ ಇದೇ. ವಿದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿಯೊಳಗಿನ ಹಕ್ಕು ಅಂತ ಸುಪ್ರೀಂ ಕೋರ್ಟ್ 1978ರಲ್ಲೇ ಮೇನಕಾ ಗಾಂಧಿ ಪ್ರಕರಣದಲ್ಲಿ ಹೇಳಿದೆ ಅಲ್ವಾ?

ದಾರಿ ಎರಡು. ಕ್ರಿಮಿನಲ್ ಕೇಸು ಬಾಕಿ ಇದ್ದರೆ ಅದೇ ಕೋರ್ಟಿಗೆ ಅರ್ಜಿ ಹಾಕಬಹುದು. ಇಲ್ಲವಾದರೆ, ಅಥವಾ ಎಲ್‌ಒಸಿ ಹಾಕಿದ್ದೇ ತಪ್ಪು ಅನ್ನೋದಾದರೆ, ಹೈಕೋರ್ಟಿನಲ್ಲಿ ಸಂವಿಧಾನದ 226ನೇ ವಿಧಿಯಡಿ ರಿಟ್, ಅಂದರೆ ಸರ್ಕಾರದ ಕ್ರಮವನ್ನೇ ಪ್ರಶ್ನಿಸುವ ಅರ್ಜಿ.

ಬೆಂಗಳೂರಿನಲ್ಲಿ ನಾನು ಜಾಸ್ತಿ ನೋಡುವುದು ಎರಡು ಬಗೆ. ಒಂದು, ಹೆಂಡತಿ ಕೊಟ್ಟ ವರದಕ್ಷಿಣೆ ಕಿರುಕುಳದ ದೂರು, ಗಂಡನಿಗೆ ವಿದೇಶದಲ್ಲಿ ಆನ್‌ಸೈಟ್ ಕೆಲಸ. ಇಲ್ಲಿ 2010ರ ದೆಹಲಿ ಹೈಕೋರ್ಟ್ ತೀರ್ಪು ಕೈಹಿಡಿಯುತ್ತದೆ. ಆರೋಪಿ ಬೇಕಂತಲೇ ಬಂಧನ ತಪ್ಪಿಸಿಕೊಳ್ಳುತ್ತಿರಬೇಕು, ಇಲ್ಲವೇ ವಾರಂಟ್ ಆದರೂ ಕೋರ್ಟಿಗೆ ಬರದೆ ಇರಬೇಕು, ಜೊತೆಗೆ ದೇಶ ಬಿಡುವ ಸಂಭವ ಇರಬೇಕು. ಆಗ ಮಾತ್ರ ಎಲ್‌ಒಸಿ. ಆದ್ದರಿಂದ ನಾನು ಮೊದಲು ಕೇಳುವುದು ಕೆಳಗಿನ ಕೋರ್ಟಿನ ಆರ್ಡರ್ ಶೀಟ್. ಪ್ರತಿ ದಿನಾಂಕದ ಮುಂದೆ 'ಆರೋಪಿ ಹಾಜರು' ಅಂತಿದ್ದರೆ ಅರ್ಧ ಕೆಲಸ ಆದಂತೆ. ತನಿಖಾಧಿಕಾರಿಯ ನೋಟಿಸಿಗೆ ಕೊಟ್ಟ ಉತ್ತರ, ಠಾಣೆಗೆ ಹೋಗಿ ಬಂದ ದಾಖಲೆಯೂ ಬೇಕು.

ಎರಡನೆಯದು ಸಾಲ. ಮಾವನ ಕಾರ್ಖಾನೆಗೋ ಭಾವನ ವ್ಯಾಪಾರಕ್ಕೋ ಸುಮ್ನೆ ಜಾಮೀನು ಸಹಿ ಹಾಕಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಸರ್ಕಾರಿ ಬ್ಯಾಂಕುಗಳ ಮುಖ್ಯಸ್ಥರಿಗೆ 2018ರಲ್ಲಿ ಎಲ್‌ಒಸಿ ಕೇಳುವ ಅಧಿಕಾರ ಸಿಕ್ಕಿತ್ತು. ಬಾಂಬೆ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ಆ ಅಧಿಕಾರವನ್ನು ಸಂವಿಧಾನಬಾಹಿರ ಅಂತ ಹೊಡೆದುಹಾಕಿತು. ಆ ತೀರ್ಪನ್ನು ನಮ್ಮ ಹೈಕೋರ್ಟಿನ ಮುಂದೆಯೂ ಇಟ್ಟು ವಾದಿಸಬಹುದು. ಆದರೆ ಸಾಲ ವಸೂಲಾತಿ ನ್ಯಾಯಮಂಡಳಿಯೋ ಕ್ರಿಮಿನಲ್ ಕೋರ್ಟೋ ನಿಮ್ಮ ಪ್ರಯಾಣಕ್ಕೆ ತಡೆ ಹಾಕಿದ್ದರೆ ಆ ಆದೇಶಕ್ಕೆ ಈ ತೀರ್ಪಿನಿಂದ ಏನೂ ಆಗುವುದಿಲ್ಲ.

ರಿಟ್‌ನಲ್ಲಿ ಎರಡು ಬೇಡಿಕೆ ಇಡಿ. ಮುಖ್ಯವಾದದ್ದು, ಎಲ್‌ಒಸಿ ರದ್ದು. ಅದಕ್ಕೆ ಸಮಯ ಹಿಡಿಯುತ್ತದೆ. ಮಧ್ಯಂತರವಾಗಿ, ಇಂಥ ದಿನದಿಂದ ಇಂಥ ದಿನದವರೆಗೆ ಹೋಗಿಬರಲು ಅನುಮತಿ. ಮಗಳ ಬಾಣಂತನ, ಕಂಪನಿ ಪತ್ರ, ಹೋಗಿಬರುವ ಟಿಕೆಟ್, ಅಲ್ಲಿ ಉಳಿಯುವ ವಿಳಾಸ, ವಾಪಸ್ ಬರ್ತೀನಿ ಅಂತ ಪ್ರಮಾಣಪತ್ರ ಎಲ್ಲ ಲಗತ್ತಿಸಿ. ಕೋರ್ಟು ಠೇವಣಿ ಕೇಳಬಹುದು, ಮನೆ ಮಾರಬಾರದು ಅಂತ ಷರತ್ತು ಹಾಕಬಹುದು. ಒಪ್ಪಿಕೊಳ್ಳಿ. ಹಿಂದಿನ ಸಲ ಹೋಗಿ ಸರಿಯಾಗಿ ವಾಪಸ್ ಬಂದ ಸೀಲುಗಳಿದ್ದರೆ ಆ ಪುಟಗಳನ್ನು ಖಂಡಿತ ಹಾಕಿ, ವಕೀಲರ ಮಾತಿಗಿಂತ ಅವು ಚೆನ್ನಾಗಿ ವಾದ ಮಾಡುತ್ತವೆ.

ಇನ್ನು ಗೆದ್ದ ಮೇಲಿನ ಕೆಲಸ. ಜನ ಎಡವುವುದು ಇಲ್ಲೇ. ಮೊದಲೆಲ್ಲ ಎಲ್‌ಒಸಿಗೆ ಒಂದು ವರ್ಷದ ಆಯುಸ್ಸು. 2021ರ ಮಾರ್ಗಸೂಚಿಯಲ್ಲಿ ಅದು ಹೋಯಿತು. ಹಾಕಿಸಿದವರೇ ತೆಗೆಯಿರಿ ಅಂತ ಬರೆಯುವ ತನಕ ಅದು ತಾನಾಗಿ ಹೋಗುವುದಿಲ್ಲ. ಕೇಸೇ ರದ್ದಾದರೂ ಠಾಣೆಯಿಂದ ಪತ್ರ ಹೋಗದಿದ್ದರೆ ಪರದೆ ಮೇಲೆ ನಿಮ್ಮ ಹೆಸರು ಹಾಗೇ ಇರುತ್ತದೆ. ರಾಜಿಯಾಗಿ, ಮರುಮದುವೆಯೂ ಆಗಿ, ಹನಿಮೂನಿಗೆ ಹೊರಟವರು ಏರ್‌ಪೋರ್ಟಿನಿಂದ ವಾಪಸ್ ಬಂದದ್ದೂ ಉಂಟು.

ಅದಕ್ಕೇ ಆದೇಶದ ದೃಢೀಕೃತ ಪ್ರತಿ ಪಡೆದು ಎರಡು ಕಡೆ ಕೊಡಿ, ಹಾಕಿಸಿದ ಇಲಾಖೆಗೆ ಮತ್ತು ಬ್ಯೂರೋ ಆಫ್ ಇಮಿಗ್ರೇಷನ್‌ಗೆ. ಎರಡೂ ಕಡೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಇಲಾಖೆಯವರು 'ಕಳಿಸಿದ್ದೀವಿ' ಅಂದರೆ ಪತ್ರದ ಸಂಖ್ಯೆ, ತಾರೀಖು ಕೇಳಿ ಬರೆದುಕೊಳ್ಳಿ. ಅದು ಕೈಗೆ ಬರುವ ತನಕ ದುಡ್ಡು ವಾಪಸ್ ಬರದ ಅಗ್ಗದ ಟಿಕೆಟ್ ಬುಕ್ ಮಾಡಬೇಡಿ.